ಬಾಯಿ ಮುಚ್ಚಿದ ಕ್ಯಾಬಿನೆಟ್ ಸುಮ್ಮನಿರುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಪ್ಯೂಟರಿನ ಸದ್ದು, ಬಿಸಿಯ ಬಗ್ಗೆಯೇ. ಮೇ ತಿಂಗಳು ಅಲ್ವಾ, ಮುಂಬಯಿಯಲ್ಲಿ ಮನುಷ್ಯರೇ ಬೇಯುತ್ತಿದ್ದಾರೆ, ಯಂತ್ರದ ಪಾಡೇನು! ಮೊದಲ ಪತ್ರಕ್ಕೆ ಸ್ವಲ್ಪ ಉದ್ದ ಬರೆದಿದ್ದೇನೆ. ಉಳಿದವರು ಬೇಸರಿಸಬೇಡಿ, ನಿಮ್ಮ ಅರ್ಧ ಉತ್ತರವೂ ಅದರಲ್ಲೇ ಇದೆ.

ಪ್ರಶ್ನೆ: ನಮ್ಮದು ಒಂದು ಬೆಡ್‌ರೂಮಿನ ಮನೆ. ಕಂಪ್ಯೂಟರ್ ಹಾಲ್‌ನಲ್ಲಿದೆ. ಅಮ್ಮ ಮಲಗುವುದೂ ಅಲ್ಲೇ, ನಾಲ್ಕು ಅಡಿ ದೂರದಲ್ಲಿ. ನಮ್ಮ ಸಂಘದ ಯಕ್ಷಗಾನದ ವಿಡಿಯೊಗಳನ್ನು ನಾನೇ ಎಡಿಟ್ ಮಾಡುತ್ತೇನೆ, ಸಮಯ ಸಿಗುವುದು ರಾತ್ರಿ 11ರ ಮೇಲೆ. ರೆಂಡರ್‌ಗೆ (ಎಡಿಟ್ ಆದದ್ದನ್ನು ಒಂದೇ ವಿಡಿಯೊ ಫೈಲ್ ಮಾಡಲು) ಹಾಕಿದ ಕೂಡಲೇ ಪಕ್ಕದಲ್ಲಿ ಮಿಕ್ಸಿ ತಿರುಗಿದ ಹಾಗೆ ಸದ್ದು. ಹೊಸ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆ, ತರೋಣ ಎಂದುಕೊಂಡಿದ್ದೇನೆ. ಅಂಗಡಿಯವರು ಮುಂದೆ ಪೂರ್ತಿ ಮುಚ್ಚಿರುವ, ಒಳಗೆ ಫೋಮ್ ಅಂಟಿಸಿರುವ ಒಂದನ್ನು ತೋರಿಸಿ 'ಇದೇ ಸೈಲೆಂಟ್' ಎನ್ನುತ್ತಾರೆ. ಗೆಳೆಯ ಮುಂದೆ ಜಾಲರಿ ಇರುವುದನ್ನೇ ತಗೋ ಎನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಗೆಳೆಯನ ಮಾತು ಕೇಳಿ.

ಅಂಗಡಿಯವರು ಸುಳ್ಳು ಹೇಳಿಲ್ಲ. ಯಂತ್ರ ಸುಮ್ಮನೆ ಕೂತಿರುವಾಗ ಫೋಮ್ ಇರುವ ಪೆಟ್ಟಿಗೆಯಿಂದ ಸದ್ದು ಕಡಿಮೆಯೇ ಬರುತ್ತದೆ. ಆದರೆ ನಿಮ್ಮದು ಸುಮ್ಮನೆ ಕೂರುವ ಯಂತ್ರ ಅಲ್ವಲ್ಲ. ಒಂದು ಗಂಟೆ ರೆಂಡರ್ ಓಡಿದರೆ ಒಳಗಿನ ಬಿಸಿ ಹೊರಗೆ ಹೋಗಲೇಬೇಕು, ಹೋಗಲು ದಾರಿ ಇಕ್ಕಟ್ಟಾದರೆ ಫ್ಯಾನುಗಳು ಜೋರಾಗಿ ತಿರುಗಲೇಬೇಕು, ಆಮೇಲೆ ಎಷ್ಟು ಫೋಮ್ ಅಂಟಿಸಿದರೂ ಅಷ್ಟೇ. ಇದು ನಮ್ಮ ಕಡೆಯ ಹೋಟೆಲುಗಳ ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಗೋಡೆಯ ಎಕ್ಸಾಸ್ಟ್ ಫ್ಯಾನ್ ಎಷ್ಟೇ ದೊಡ್ಡದಿರಲಿ, ಬಾಗಿಲು ಕಿಟಕಿ ಎಲ್ಲ ಮುಚ್ಚಿದರೆ ಅದು ಬರೀ ಗುಂಯ್ ಎನ್ನುತ್ತದೆ, ಹೊಗೆ ಮಾತ್ರ ದೋಸೆಕಲ್ಲಿನ ಮೇಲೇ ನಿಂತಿರುತ್ತದೆ. ಹಿಂಬಾಗಿಲು ತೆರೆದು ನೋಡಿ, ಅದೇ ಫ್ಯಾನ್ ಸಲೀಸಾಗಿ ಎಳೆಯುತ್ತದೆ.

ಫೋಮ್ ಹಾಕಿದ ಪೆಟ್ಟಿಗೆಗಳಿಗೆ ಹೆಸರು ತಂದವರಲ್ಲಿ ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್, ಜರ್ಮನಿಯ ಬಿ ಕ್ವೈಟ್ ಮುಖ್ಯರು. ಒಳ್ಳೇ ಸಾಮಾನು ಮಾಡುತ್ತಾರೆ, ನನ್ನ ತಕರಾರಿಲ್ಲ. ಆದರೆ ಅವರ ಊರಿನ ಕೋಣೆ 20 ಡಿಗ್ರಿ, ಡೊಂಬಿವಲಿಯ ಹಾಲ್ ರಾತ್ರಿ 11ಕ್ಕೂ 31. ಗಾಳಿಯಿಂದ ತಣಿಸುವಾಗ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಪ್ರೊಸೆಸರ್ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಲ್ಲಿ 70 ಡಿಗ್ರಿಯಲ್ಲಿ ಓಡುವ ಪ್ರೊಸೆಸರ್ ಇಲ್ಲಿ 80 ದಾಟುತ್ತದೆ. ಅವರಿಗೆ ಆ ಹತ್ತು ಡಿಗ್ರಿ ಬಿಟ್ಟಿ ಸಿಕ್ಕಿದೆ, ನಮಗೆ ಸಿಕ್ಕಿಲ್ಲ.

ಈಗ ಸದ್ದಿನ ಲೆಕ್ಕ. ಇದೊಂದು ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಯಾಮಾರಿಸಲಾರರು. ಒಂದು ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧ ಆಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇನೇ ಕಿವಿಗೆ ಸದ್ದು ಅರ್ಧ ಆದ ಹಾಗೆ ಅನ್ನಿಸುವುದು. ಇನ್ನೊಂದು ಕಡೆ, ಒಂದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಫ್ಯಾನ್ ಇಟ್ಟರೆ ಹೆಚ್ಚುವುದು ಬರೀ 3 ಡೆಸಿಬೆಲ್, ಒಟ್ಟು ಮೂರಾದರೆ 5ರ ಹತ್ತಿರ. ಅಂದರೆ ನಿಮಿಷಕ್ಕೆ 1400 ಸುತ್ತಿನಲ್ಲಿ ಅರಚುವ ಒಂದು ಫ್ಯಾನ್ ತೆಗೆದು, 700 ಸುತ್ತಿನ ಮೂರು ಇಟ್ಟರೆ ಗಾಳಿ ಒಂದೂವರೆ ಪಾಲು, ಸದ್ದು ಕಿವಿಗೆ ಅರ್ಧ! ಫ್ಯಾನ್ ಜಾಸ್ತಿ ಆದರೆ ಸದ್ದು ಜಾಸ್ತಿ ಅಂತ ನಾವೆಲ್ಲ ಅಂದುಕೊಳ್ಳುವುದು ಅದಕ್ಕೇ ತಪ್ಪು. ಆದರೆ ಒಂದು ಷರತ್ತಿದೆ. ಮುಂದೆ ಗಾಜೋ ಪ್ಲಾಸ್ಟಿಕ್ಕೋ ಅಡ್ಡ ಇದ್ದರೆ 700 ಸುತ್ತಿನ ಫ್ಯಾನಿಗೆ ಗಾಳಿ ಎಳೆಯುವ ತಾಕತ್ತಿರುವುದಿಲ್ಲ. ನಿಧಾನ ಫ್ಯಾನಿಗೆ ತೆರೆದ ಬಾಯಿ ಬೇಕು.

ನಾನೂ ಗಾಜಿನ ಮುಖಕ್ಕೆ ಮರುಳಾದವನೇ. ಮುಂಬಯಿಯ ಕಂಪ್ಯೂಟರ್ ಬಜಾರಾದ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಬಣ್ಣಬಣ್ಣದ ಮೂರು ಫ್ಯಾನ್ ಮಿನುಗುವುದನ್ನು ನೋಡಿ ಹೊತ್ತು ತಂದೆ. ಮನೆಗೆ ಬಂದು ನೋಡಿದರೆ ಆ ಮೂರರ ವೈರೂ ಮದರ್‌ಬೋರ್ಡಿಗೆ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡಿಗೆ) ಹೋಗುವುದಲ್ಲ, ನಾಲ್ಕು ದಪ್ಪ ಪಿನ್ನಿನ ಮೋಲೆಕ್ಸ್‌ಗೆ, ಅಂದರೆ ನೇರ ಎಸ್‌ಎಂಪಿಎಸ್‌ಗೆ, ಕರೆಂಟ್ ಕೊಡುವ ಡಬ್ಬಿಗೆ. ವೇಗ ಕಡಿಮೆ ಮಾಡುವ ಮಾತೇ ಇಲ್ಲ. ಆನ್ ಮಾಡಿದರೆ ಆಫ್ ಮಾಡುವವರೆಗೂ ಫುಲ್. ಎರಡು ವರ್ಷ ಹಾಗೇ ಕಳೆದೆ. ಒಂದು ಜುಲೈ ರಾತ್ರಿ, ಏನೋ ನೋಡೋಣ ಅಂತ, ಯಂತ್ರ ಓಡುತ್ತಿರುವಾಗಲೇ ಮುಂದಿನ ಗಾಜಿನ ಪ್ಯಾನಲ್ ಕೆಳಗಿಂದ ಹಿಡಿದು ಎಳೆದೆ. ಟಪ್ ಟಪ್ ಅಂತ ಕ್ಲಿಪ್ ಬಿಟ್ಟಿತು. ಫ್ಯಾನಿನ ಮುಂದೆ ಅಂಗೈ ಹಿಡಿದರೆ ಬೆರಳ ಸಂದಿಯಲ್ಲಿ ಗಾಳಿ ಒಳಗೆ ಹೋಗುವುದು ಮೊದಲ ಸಲ ಗೊತ್ತಾಯಿತು. ಪರದೆಯ ಮೇಲೆ ಪ್ರೊಸೆಸರಿನ ಡಿಗ್ರಿ 84 ಇದ್ದದ್ದು ಹತ್ತು ನಿಮಿಷದಲ್ಲಿ 75ಕ್ಕೆ ಬಂತು, ಪ್ರೊಸೆಸರ್ ಮೇಲಿನ ಫ್ಯಾನ್ ತಾನಾಗಿ ನಿಧಾನವಾಯಿತು. ಬಣ್ಣದ ಫ್ಯಾನುಗಳ ಪೈಕಿ ಎರಡರ ಮೋಲೆಕ್ಸ್ ಕಿತ್ತುಬಿಟ್ಟೆ. ಆಗ ಅರೆನಿದ್ರೆಯಲ್ಲಿದ್ದ ಹೆಂಡತಿ ಮಗ್ಗುಲು ಬದಲಿಸಿ ಕೇಳಿದಳು, "ಮಳೆ ನಿಂತಿತಾ?" ಹೊರಗೆ ಮಳೆಯೇ ಇರಲಿಲ್ಲ.

ನೀವೂ ಹೊಸದು ತರುವ ಮೊದಲು ಇದನ್ನೇ ಮಾಡಿ. ಮುಂದಿನ ಪ್ಯಾನಲ್ ಹಾಕಿಕೊಂಡು ಅರ್ಧ ಗಂಟೆ ರೆಂಡರ್ ಓಡಿಸಿ, ಪ್ರೊಸೆಸರಿನ ಡಿಗ್ರಿ ಬರೆದಿಡಿ. ತೆಗೆದು ಮತ್ತೆ ಓಡಿಸಿ. ಐದಾರು ಡಿಗ್ರಿ ಇಳಿದರೆ ಉಸಿರು ಕಟ್ಟಿಸುತ್ತಿರುವುದು ಕ್ಯಾಬಿನೆಟ್ಟೇ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಕ್ಯಾಬಿನೆಟ್ ಬದಲಿಸಿ ಲಾಭವಿಲ್ಲ, ಪ್ರೊಸೆಸರ್ ಮೇಲಿನ ಕೂಲರ್ ನೋಡಿ. ಪ್ರೊಸೆಸರಿನ ಡಬ್ಬದಲ್ಲೇ ಬಂದ ಚಿಕ್ಕ ಕೂಲರ್ ಆದರೆ ಮಿಕ್ಸಿಯ ಸದ್ದು ಅದರದ್ದೇ ಇರಬಹುದು. 120 ಮಿಲಿಮೀಟರ್ ಫ್ಯಾನಿನ ಒಂದು ಟವರ್ ಕೂಲರ್ (ತಗಡಿನ ಪದರಗಳ ಎತ್ತರದ ಗೋಪುರಕ್ಕೆ ಫ್ಯಾನ್ ಸಿಕ್ಕಿಸಿದ್ದು) ಹಾಕಿದರೆ ಸಮಸ್ಯೆ ಅಲ್ಲಿಗೇ ಮುಗಿದೀತು.

ಕ್ಯಾಬಿನೆಟ್ಟೇ ಬೇಕು ಅಂತಾದರೆ ಅಂಗಡಿಗೆ ಹೋಗಿ ಕೈಯಾರೆ ನೋಡಿ, ಫೋಟೊ ನಂಬಬೇಡಿ. ಮುಂದಿನ ಜಾಲರಿಯನ್ನು ಟ್ಯೂಬ್‌ಲೈಟಿನ ಎದುರು ಹಿಡಿಯಿರಿ. ಬೆಳಕು ಧಾರಾಳವಾಗಿ ಕಂಡರೆ ಗಾಳಿಯೂ ಹಾಗೇ ಬರುತ್ತದೆ. ಕೆಲವರು ಹೊರಗೆ ಅಂದದ ಜಾಲರಿ ಕೊಟ್ಟು ಹಿಂದೆ ದಟ್ಟ ಬಟ್ಟೆಯಂಥ ಫಿಲ್ಟರ್, ಅದರ ಹಿಂದೆ ಇನ್ನೊಂದು ತೂತಿನ ತಗಡು ಇಟ್ಟಿರುತ್ತಾರೆ, ಆಗ ಜಾಲರಿ ಬರೀ ಶೋಕಿ. ಪಕ್ಕದ ತಗಡನ್ನು ಬೆರಳ ಗಿಣ್ಣಿನಿಂದ ಕುಟ್ಟಿ ನೋಡಿ. ಎಣ್ಣೆ ಡಬ್ಬದ ಹಾಗೆ ಸದ್ದು ಬಂದರೆ ಅದು ನಾಳೆ ಫ್ಯಾನಿನ ಜೊತೆ ತಾನೂ ನಡುಗುತ್ತದೆ. ಮುಂದೆ 140 ಮಿಲಿಮೀಟರಿನ ಎರಡು ಫ್ಯಾನ್ ಕೂರುವಂತಿರಲಿ, ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ. ಹಿಂದೆ ಹೊರಹಾಕಲು ಒಂದು. ಅಷ್ಟು ಸಾಕು. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಧೂಳು ಸಂದಿಗೊಂದಿಯಿಂದ ನುಗ್ಗದೆ ಫಿಲ್ಟರಿನಲ್ಲೇ ನಿಲ್ಲುತ್ತದೆ. ನಿಮ್ಮ ಕಡೆ ನಾಲ್ಕು ಹೆಜ್ಜೆಗೊಂದು ಕಟ್ಟಡ ಏಳುತ್ತಿರುವಾಗ ಇದು ಸಣ್ಣ ಮಾತಲ್ಲ.

ಅಳತೆ ಬರೆದುಕೊಂಡು ಹೋಗಿ. ಮದರ್‌ಬೋರ್ಡುಗಳಲ್ಲಿ ಪೂರ್ತಿ ಎಟಿಎಕ್ಸ್ ಅಳತೆಯದ್ದು 305ಕ್ಕೆ 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244ಕ್ಕೆ 244. ಟವರ್ ಕೂಲರುಗಳು ಸಾಮಾನ್ಯವಾಗಿ 155ರಿಂದ 160 ಎತ್ತರ ಇರುತ್ತವೆ, ಕ್ಯಾಬಿನೆಟ್ಟಿನ ಡಬ್ಬದ ಮೇಲೆ ಎಷ್ಟು ಎತ್ತರದವರೆಗೆ ಹಿಡಿಯುತ್ತದೆ ಅಂತ ಬರೆದಿರುತ್ತದೆ. ಎರಡು ಮಿಲಿಮೀಟರ್ ಕಡಿಮೆ ಬಿದ್ದು ಪಕ್ಕದ ಗಾಜು ಮುಚ್ಚದೆ ಒದ್ದಾಡಿದವರನ್ನು ನಾನು ಕಂಡಿದ್ದೇನೆ. ಫ್ಯಾನಿನ ವೈರ್ ಮದರ್‌ಬೋರ್ಡಿಗೆ ಹಾಕುವ 3 ಅಥವಾ 4 ಪಿನ್ನಿನದ್ದೇ ಆಗಿರಲಿ, 4 ಆದರೆ ಒಳ್ಳೆಯದು. ಬಿಲ್ ಕೇಳಿ ತಗೊಳ್ಳಿ. ಇನ್ನೊಂದು ಮಾತು, ಆ ಡಬ್ಬ ಹೊತ್ತು ಲ್ಯಾಮಿಂಗ್ಟನ್ ರೋಡಿನ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ದಾದರ್‌ಗೆ ಬಂದು ಸಂಜೆ 6ರ ಕಲ್ಯಾಣ್ ಲೋಕಲ್ ಹತ್ತುವ ಸಾಹಸ ಬೇಡ. ಮಧ್ಯಾಹ್ನವೇ ಹೊರಡಿ, ಲಗೇಜ್ ಡಬ್ಬಿಗೆ ಹತ್ತಿ.

ಜೋಡಿಸಿದ ಮೇಲೆ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಎಷ್ಟು ಡಿಗ್ರಿಗೆ ಎಷ್ಟು ಜೋರು ಎಂಬ ಫ್ಯಾನಿನ ವೇಗದ ಗೆರೆ ಸರಿಮಾಡಿ. 60 ಡಿಗ್ರಿವರೆಗೂ ಮಲಗಿದ ಹಾಗೆ ನಿಧಾನ ಇರಲಿ, ಆಮೇಲೆ ಮೆಲ್ಲಗೆ ಏರಲಿ. ಏರುವ ಮೊದಲು ಕೆಲವು ಸೆಕೆಂಡು ಕಾಯುವ ವ್ಯವಸ್ಥೆ ಇದ್ದರೆ ಅದನ್ನೂ ಹಾಕಿ. ಒಂದೇ ಸಮನೆ ಬರುವ ಸದ್ದಿಗೆ ಮಲಗಿದವರು ಹೊಂದಿಕೊಳ್ಳುತ್ತಾರೆ, ನಿಮಿಷಕ್ಕೊಮ್ಮೆ ಗೊರ್ ಅಂತ ಏರಿ ಇಳಿಯುವುದೇ ಅಮ್ಮನ ನಿದ್ದೆ ಕೆಡಿಸುವುದು. ಹಳೇ ಹಾರ್ಡ್‌ಡಿಸ್ಕ್ ಇದ್ದರೆ ರಬ್ಬರ್ ವಾಷರ್ ಮೇಲೆ ಕೂರಿಸಿ. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 120 ಸಲ ತಿರುಗುತ್ತದೆ, ಆ ಗುಂಯ್ಗುಟ್ಟುವಿಕೆ ತಗಡಿನ ಮೂಲಕ ನೆಲಕ್ಕಿಳಿಯುತ್ತದೆ, ಅದಕ್ಕೆ ಯಾವ ಫೋಮೂ ಅಡ್ಡಬರುವುದಿಲ್ಲ. ಫೋಮ್ ತಡೆಯುವುದು ಕೀರಲು ಸದ್ದನ್ನು ಮಾತ್ರ.

ಪ್ರಶ್ನೆ: ಕಾರ್ಪೆಂಟರ್ ಹತ್ತಿರ ಕಂಪ್ಯೂಟರ್ ಟೇಬಲ್ ಮಾಡಿಸಿದ್ದೇವೆ. ಕ್ಯಾಬಿನೆಟ್ ಇಡಲು ಬಾಗಿಲಿರುವ ಗೂಡು ಇದೆ. ಬಾಗಿಲು ಹಾಕಿದರೆ ಸದ್ದು ಕೇಳುವುದಿಲ್ಲ, ಆದರೆ ಅರ್ಧ ಗಂಟೆಗೆ ಗೇಮ್ ತಡವರಿಸುತ್ತದೆ.
— ಓದುಗರು, ಮುಲುಂಡ್

ಉತ್ತರ: ಆ ಗೂಡಿನಲ್ಲಿ ಯಂತ್ರ ತಾನೇ ಬಿಟ್ಟ ಬಿಸಿ ಉಸಿರನ್ನು ತಾನೇ ಎಳೆದುಕೊಳ್ಳುತ್ತಿದೆ. ಕಾರ್ಪೆಂಟರನ್ನು ವಾಪಸ್ ಕರೆಸಿ ಗೂಡಿನ ಹಿಂದಿನ ಪ್ಲೈವುಡ್ ಪೂರ್ತಿ ತೆಗೆಸಿ, ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ, ಬಾಗಿಲು ಕಳಚಿ ಇಟ್ಟುಬಿಡಿ. ಎಸ್‌ಎಂಪಿಎಸ್ ಕೆಳಗಡೆ ಇರುವ ಕ್ಯಾಬಿನೆಟ್ ಆದರೆ ಅದರ ಫ್ಯಾನ್ ತಳದಿಂದಲೇ ಗಾಳಿ ಎಳೆಯುತ್ತದೆ, ಅಡಿಯಲ್ಲಿ ಕಾರ್ಪೆಟ್ ಹಾಸಿದ್ದರೆ ಅದನ್ನೂ ತೆಗೆಯಿರಿ. ಸದ್ದು ಸ್ವಲ್ಪ ಕೇಳುತ್ತದೆ ನಿಜ, ಆದರೆ ಈಗ ಬಾಗಿಲು ತೆರೆದಾಗ ಕೇಳುವಷ್ಟಲ್ಲ.

ಪ್ರಶ್ನೆ: ನೀರಿನ ಕೂಲರ್ ಹಾಕಿದರೆ ಸದ್ದೇ ಇರುವುದಿಲ್ಲವಂತೆ, ಹೌದಾ? ಆರು ಕೋರಿನ ಪ್ರೊಸೆಸರ್ ಇದೆ.
— ಓದುಗರು, ಕೋಥ್ರುಡ್, ಪುಣೆ

ಉತ್ತರ: ಇಲ್ಲ. ನೀರು ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ ಅಷ್ಟೇ, ಕೊನೆಗೆ ರೇಡಿಯೇಟರಿನ ಮೇಲೆ ಫ್ಯಾನೇ ತಿರುಗಬೇಕು, ಜೊತೆಗೆ ಪಂಪಿನ ಸದ್ದು ಬೇರೆ. ಆರು ಕೋರಿಗೆ ಒಳ್ಳೇ ಟವರ್ ಕೂಲರ್ ಸಾಕು. ಈಗಾಗಲೇ ತಂದಿದ್ದರೆ ಒಂದು ನೆನಪಿಡಿ: ಪಂಪ್ ಎಲ್ಲಕ್ಕಿಂತ ಮೇಲೆ ಬರುವಂತೆ ಕೂರಿಸಬೇಡಿ. ಗಾಳಿಗುಳ್ಳೆ ಮೇಲಕ್ಕೆ ಹೋಗಿ ಅಲ್ಲೇ ಸೇರಿಕೊಂಡು ಗುಳುಗುಳು ಅನ್ನುತ್ತದೆ.

ಪ್ರಶ್ನೆ: ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಜಾಲರಿ ಕ್ಯಾಬಿನೆಟ್ ಇಟ್ಟರೆ ಉಪ್ಪುಗಾಳಿ, ತೇವ ಒಳಗೆ ಹೋಗುವುದಿಲ್ಲವೇ? ಮಳೆಗಾಲದಲ್ಲಿ ಸ್ಕ್ರೂಗಳಿಗೆ ಆಗಲೇ ತುಕ್ಕು ಬಂದಿದೆ.
— ಓದುಗರು, ವಾಸ್ಕೋ, ಗೋವಾ

ಉತ್ತರ: ಹೋಗುತ್ತದೆ. ಮುಚ್ಚಿದ ಕ್ಯಾಬಿನೆಟ್ಟಿಗೂ ಹೋಗುತ್ತದೆ, ಯಾಕೆಂದರೆ ಫ್ಯಾನ್ ಇರುವ ಯಾವ ಪೆಟ್ಟಿಗೆಯೂ ಗಾಳಿಯಾಡದ ಡಬ್ಬಿ ಅಲ್ಲ. ಓಡುತ್ತಿರುವ ಯಂತ್ರದ ಒಳಭಾಗ ಕೋಣೆಗಿಂತ ಬಿಸಿ ಇರುತ್ತದೆ, ಹಾಗಾಗಿ ಆಗ ಅಲ್ಲಿ ನೀರು ಕಟ್ಟುವುದಿಲ್ಲ. ತೊಂದರೆ ಆಗುವುದು ವಾರಗಟ್ಟಲೆ ಆಫ್ ಮಾಡಿಟ್ಟಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಗಂಟೆಯಾದರೂ ಓಡಿಸಿ. ಎಸಿ ಆಫ್ ಮಾಡಿದ ಕೂಡಲೇ ಕಿಟಕಿ ತೆರೆಯಬೇಡಿ, ತಣ್ಣಗಿರುವ ತಗಡಿನ ಮೇಲೆ ಹೊರಗಿನ ತೇವ ಇಬ್ಬನಿಯ ಹಾಗೆ ಕೂರುತ್ತದೆ. ಫಿಲ್ಟರ್ ತೊಳೆದರೆ ಪೂರ್ತಿ ಒಣಗಿಸಿಯೇ ಹಾಕಿ. ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ, ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು.

ಪ್ರಶ್ನೆ: ಇಷ್ಟೆಲ್ಲ ಯಾಕೆ ಸರ್, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರೆ ಆಗಲ್ವಾ?
— ಓದುಗರು, ಠಾಣೆ

ಉತ್ತರ: ಆಗುತ್ತದೆ, ಡಿಗ್ರಿ ಚೆನ್ನಾಗಿಯೇ ಇಳಿಯುತ್ತದೆ. ಟೇಬಲ್ ಫ್ಯಾನಿನ ಸದ್ದು, ಒಳಗೆ ಕೂರುವ ಧೂಳು ನಿಮಗೆ ಒಪ್ಪಿಗೆ ಇದ್ದರೆ ನನ್ನದೇನೂ ಅಡ್ಡಿ ಇಲ್ಲ. ನಾನೂ ಒಂದು ಬೇಸಿಗೆ ಹಾಗೇ ನಡೆಸಿದೆ, ಬೆಚ್ಚಗಿನ ಜಾಗ ಹುಡುಕುತ್ತ ಬಂದ ಹಲ್ಲಿಯೊಂದು ಗ್ರಾಫಿಕ್ಸ್ ಕಾರ್ಡಿನ ಹಿಂದೆ ಸೇರಿಕೊಂಡು ಕಾರ್ಡಿನ ಜೊತೆಗೆ ತಾನೂ ಹೋಗುವವರೆಗೆ.