ಸೆಕೆಂಡಿಗೆ 800 ಸಲ ಸುತ್ತುವುದು ಯಾವುದು?

ಪ್ರಶ್ನೆ: ಜೋಡಿಯಲ್ಲಿರುವ ಒಂದು ನ್ಯೂಟ್ರಾನ್ ನಕ್ಷತ್ರದ ಎಕ್ಸ್-ರೇ ಸೆಕೆಂಡಿಗೆ 800ಕ್ಕೂ ಹೆಚ್ಚು ಸಲ ಏರಿಳಿಯುತ್ತದೆ ಎಂದು ಓದಿದೆ. ಇನ್ನೊಂದು ಕಡೆ ಅದೇ ನಕ್ಷತ್ರಕ್ಕೆ 363 ಎಂದು ಬರೆದಿತ್ತು. ಯಾವುದು ಸರಿ? ನಕ್ಷತ್ರ ನಿಜವಾಗಿಯೂ ಅಷ್ಟು ಜೋರಾಗಿ ತಿರುಗುತ್ತದೆಯೇ?
– ಪಿಯುಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ಎರಡೂ ಸರಿಯಮ್ಮಾ. ನಕ್ಷತ್ರ ತಿರುಗುವುದು ಸೆಕೆಂಡಿಗೆ 363 ಸಲ. 800ರ ಲೆಕ್ಕ ನಕ್ಷತ್ರದ್ದಲ್ಲ, ಅದರ ಸುತ್ತ ಗಿರಕಿ ಹೊಡೆಯುವ ಅನಿಲದ್ದು.

ನೀನು ಓದಿದ್ದು 4ಯು 1728-34 ಎಂಬ ಜೋಡಿಯ ವಿಷಯ ಇರಬೇಕು. ಜೋಡಿ ಎಂದರೆ ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು. ಅಲ್ಲಿ ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರವೊಂದು ಕುಸಿದು ಉಳಿದ ಅತಿ ಸಾಂದ್ರ ಗೋಳ) ತನ್ನ ಹಗುರ ಸಂಗಾತಿಯಿಂದ ಅನಿಲವನ್ನು ಸೆಳೆದುಕೊಳ್ಳುತ್ತದೆ. ಆ ಅನಿಲ ನೇರವಾಗಿ ಬೀಳುವುದಿಲ್ಲ. ತಟ್ಟೆಯಾಗಿ ಹರಡಿ ಸುತ್ತುತ್ತಾ ಒಳಗೆ ಜಾರುತ್ತದೆ, ಕಾದು ಎಕ್ಸ್-ರೇ ಸೂಸುತ್ತದೆ. 1995ರ ಕೊನೆಗೆ ಹಾರಿದ ನಾಸಾದ ಆರ್‌ಎಕ್ಸ್‌ಟಿಇ ಉಪಗ್ರಹ ಮರುವರ್ಷವೇ ಈ ಜೋಡಿಯಲ್ಲೂ ಸ್ಕಾರ್ಪಿಯಸ್ ಎಕ್ಸ್-1 ಎಂಬ ಇನ್ನೊಂದು ಜೋಡಿಯಲ್ಲೂ ಇಂಥ ಅತಿವೇಗದ ಏರಿಳಿತವನ್ನು ಹಿಡಿಯಿತು.

ನಮ್ಮ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಕೂಡ ಇದನ್ನು ನೋಡಿದೆ. ಅದರಲ್ಲಿರುವ ಲ್ಯಾಕ್ಸ್‌ಪಿಸಿ ಉಪಕರಣ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ತಯಾರಾದದ್ದು. ಒಂದೊಂದು ಎಕ್ಸ್-ರೇ ಕಣ ಬಂದ ಹೊತ್ತನ್ನು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ಗುರುತು ಹಾಕಿಕೊಳ್ಳುತ್ತದೆ. 2016ರ ಮಾರ್ಚ್ 8ರಂದು ಇದೇ ಜೋಡಿಯನ್ನು ನೋಡಿದಾಗ ಏರಿಳಿತ ಸೆಕೆಂಡಿಗೆ 815ರಷ್ಟಿತ್ತು. ಒಂದು ಗಂಟೆಯೊಳಗೆ ಅದು 850ಕ್ಕೆ ಏರಿತು. ಸೂರ್ಯನಿಗಿಂತ ಭಾರವಾದ ಗೋಳ ಒಂದು ಗಂಟೆಯಲ್ಲಿ ತನ್ನ ತಿರುಗುವಿಕೆಯನ್ನು ಹೀಗೆ ಹೆಚ್ಚಿಸಿಕೊಳ್ಳಲು ಸಾಧ್ಯವೇ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಬಲು ಸೊಗಸಾದ ಸುಳಿವು ಇದೇ.

ನಿನ್ನ ಪಠ್ಯದಲ್ಲಿರುವ ಕೆಪ್ಲರ್ ನಿಯಮ ಸಾಕು, ನೀನೇ ಲೆಕ್ಕ ಹಾಕಬಹುದು. ನಕ್ಷತ್ರದ ತೂಕ ಸೂರ್ಯನ 1.4 ಪಟ್ಟು ಎಂದಿಟ್ಟುಕೋ. ಸೆಕೆಂಡಿಗೆ 815 ಸುತ್ತು ಬರಬೇಕಾದರೆ ಕಕ್ಷೆಯ ತ್ರಿಜ್ಯ ಸುಮಾರು 19.2 ಕಿ.ಮೀ. 850 ಎಂದರೆ 18.7 ಕಿ.ಮೀ. ಅಂದರೆ ತಟ್ಟೆಯ ಒಳಅಂಚು ಅರ್ಧ ಕಿಲೋಮೀಟರ್ ಒಳಗೆ ಸರಿದಿದೆ, ಅಷ್ಟೇ! ಅಲ್ಲಿ ಅನಿಲದ ವೇಗ ಬೆಳಕಿನ ವೇಗದ ಮೂರರಲ್ಲೊಂದು ಭಾಗ. (ಐನ್‌ಸ್ಟೈನ್ ಬಂದರೆ ಈ ಸೂತ್ರ ಕೆಡುವುದಿಲ್ಲವೇ ಎಂದು ಕೇಳಬಹುದು. ತಿರುಗದ ಕಾಯದ ಸುತ್ತಲಿನ ವೃತ್ತ ಕಕ್ಷೆಗೆ ಅದು ಹಾಗೆಯೇ ನಿಲ್ಲುತ್ತದೆ. ತಿರುಗುವ ಕಾಯಕ್ಕೆ ಚೂರು ತಿದ್ದುಪಡಿ ಬೇಕು.)

ಇನ್ನು 363. ಮೇಲ್ಮೈ ಮೇಲೆ ಶೇಖರವಾದ ಅನಿಲ ಆಗಾಗ ಒಮ್ಮೆಗೇ ಪರಮಾಣು ಸಮ್ಮಿಲನಕ್ಕೆ ಹತ್ತಿಕೊಂಡು ಉರಿಯುತ್ತದೆ. ಅವತ್ತೂ ಹಾಗೆ ಒಂದು ಸ್ಫೋಟ ಆಯಿತು, ಸುಮಾರು 20 ಸೆಕೆಂಡ್. ಉರಿಯುವ ಭಾಗ ನಕ್ಷತ್ರದ ಜೊತೆ ತಿರುಗುತ್ತಾ ನಮ್ಮತ್ತ ಬಂದು ಹೋಗುವುದರಿಂದ ಬೆಳಕು ಮಿಡಿಯುತ್ತದೆ. ಮೊದಲ ನಾಲ್ಕು ಸೆಕೆಂಡಿನಲ್ಲಿ ಆ ಮಿಡಿತ 361.5ರಿಂದ 363.5ಕ್ಕೆ ಏರಿತು. ಉರಿಯುವ ಪದರ ಉಬ್ಬಿದಾಗ ಕೋನೀಯ ಸಂವೇಗದ ನಿಯಮದಂತೆ ಕೊಂಚ ಹಿಂದೆ ಬೀಳುತ್ತದೆ, ತಣಿದು ಕುಗ್ಗಿದಂತೆ ನಕ್ಷತ್ರದ ವೇಗಕ್ಕೆ ಮರಳುತ್ತದೆ ಎಂಬುದು ಇದಕ್ಕೆ ಬಹುಕಾಲದಿಂದ ಕೊಡುತ್ತಿರುವ ವಿವರಣೆ.

ಒಂದು ವಿಷಯ ಬಿಡುವಂತಿಲ್ಲ. ಹಲವು ಜೋಡಿಗಳಲ್ಲಿ ಈ ಅತಿವೇಗದ ಏರಿಳಿತ ಒಂಟಿಯಾಗಿ ಬರುವುದಿಲ್ಲ, ಎರಡು ಆವರ್ತನಗಳು ಒಟ್ಟಿಗೇ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನದು ತಟ್ಟೆಯ ಒಳಅಂಚಿನ ಸುತ್ತಾಟ ಎಂಬುದು ಬಹಳ ಮಂದಿಯ ಅಭಿಪ್ರಾಯ. ಕಡಿಮೆಯದಕ್ಕೆ ಏನು ಕಾರಣ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ನಾನು ಮೇಲೆ ಹಾಕಿದ ಲೆಕ್ಕ 815 ಕಕ್ಷೆಯ ಆವರ್ತನವೇ ಆಗಿದ್ದರೆ ಮಾತ್ರ ನಿಲ್ಲುತ್ತದೆ.

ಇಷ್ಟೆಲ್ಲ ಹೆಣಗಾಟ ಯಾಕೆಂದರೆ, ಕಕ್ಷೆಯ ಒಳಗೇ ನಕ್ಷತ್ರ ಹಿಡಿಸಬೇಕು. ಸೆಕೆಂಡಿಗೆ 1200ರಷ್ಟು ಏರಿಳಿತವನ್ನೂ ಕಂಡಿದ್ದಾರೆ. ಅದೇ 1.4 ಪಟ್ಟು ತೂಕ ಇಟ್ಟು ನೋಡು, ನಕ್ಷತ್ರದ ತ್ರಿಜ್ಯ ಸುಮಾರು 15 ಕಿ.ಮೀ. ಮೀರುವಂತಿಲ್ಲ. ಇದಕ್ಕಿಂತ ಹೆಚ್ಚಿನ ಆವರ್ತನ ಸಿಕ್ಕಿದಷ್ಟೂ ನಕ್ಷತ್ರ ಇನ್ನೂ ಚಿಕ್ಕದಿರಬೇಕು, ಆಗ ಅದರ ಒಡಲಲ್ಲಿರುವ ದ್ರವ್ಯ ಎಂಥದ್ದು ಎಂಬ ಬಗ್ಗೆ ಇರುವ ಹಲವು ಊಹೆಗಳು ಬಿದ್ದುಹೋಗುತ್ತವೆ.