ಪ್ರ: ಹಲಸಿನ ತೊಳೆ ಲೋಳೆಯಂತೆ ಜಾರುತ್ತಿದೆ, ಹಾಳಾಗಿದೆಯೇ? ಮನೆಯಲ್ಲಿ ಇಬ್ಬರೇ ಇದ್ದೇವೆ, ಇಡೀ ಹಣ್ಣನ್ನು ಏನು ಮಾಡುವುದು?

ಎಸೆಯಬೇಡಿ ಮಾರಾಯ್ರೇ! ನಿಮಗೆ ಸಿಕ್ಕಿರುವುದು ತುಳುವ ಹಲಸು. ಮಲೆನಾಡಿನ ಕಡೆ ಅಂಬಲಿ ಅಂತಲೂ ಹೇಳುತ್ತಾರೆ. ಅದರ ತೊಳೆ ಇರುವುದೇ ಹಾಗೆ, ಮೆತ್ತಗೆ, ನಾರುನಾರು. ಬೆಂಗಳೂರಿನ ಗಾಡಿಗಳಲ್ಲಿ ಬಿಡಿಸಿ ಮಾರುವ ಗಟ್ಟಿ ತೊಳೆ ಬಕ್ಕೆ ಎಂಬ ಇನ್ನೊಂದು ಬಗೆಯ ಹಲಸಿನದು. ಮೂಸಿ ನೋಡಿ: ಹುಳಿ ಹೆಂಡದ ವಾಸನೆ ಬಂದರೆ ಕೆಟ್ಟಿದೆ ಎಂದರ್ಥ.

ಇಬ್ಬರೇ ಇದ್ದೀರಿ ಅಂದಿರಲ್ಲ, ಅರ್ಧ ಹಣ್ಣನ್ನು ಕಡುಬಿಗೆ ಇಡಿ. ನನ್ನ ಮಟ್ಟಿಗೆ ಕಡುಬಿಗೆ ಬಕ್ಕೆಗಿಂತ ತುಳುವವೇ ಮೇಲು. ಒಂದು ಲೋಟ ದೋಸೆ ಅಕ್ಕಿ ಎರಡು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿಯಿರಿ. ಬೀಜ ತೆಗೆದ ಹಣ್ಣು ಎರಡು ಲೋಟ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ನೀರು ಹಾಕಲೇಬೇಡಿ, ಹಣ್ಣಿನ ರಸವೇ ಸಾಕು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು. ತೆಳ್ಳಗಾದರೆ ಸ್ವಲ್ಪ ಅಕ್ಕಿ ರವೆ ಬೆರೆಸಿ. ಬಾಡಿಸಿದ ಬಾಳೆಲೆಯಲ್ಲಿ ಮಡಚಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ತುಪ್ಪ ಮರೆಯಬೇಡಿ.

ಉಳಿದ ಅರ್ಧದ ಬೀಜ ತೆಗೆದು, ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ, ತಿಂಗಳುಗಟ್ಟಲೆ ಇರುತ್ತದೆ. ಬರೀ ಫ್ರಿಜ್ಜಾದರೆ ಮೂರ್ನಾಲ್ಕು ದಿನ, ಅದೂ ಮುಚ್ಚಳ ಬಿಗಿಯಾಗಿರಲಿ. ಇಲ್ಲದಿದ್ದರೆ ನಿಮ್ಮ ಹಾಲೂ ಹಲಸಿನ ಘಮ ಹೊಡೆಯುತ್ತದೆ! ತಾಳ್ಮೆ ಇದ್ದರೆ ಬೆಲ್ಲ ಹಾಕಿ ದಪ್ಪ ತಳದ ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ ಬೆರಟಿ (ಹಲಸಿನ ಗಟ್ಟಿ ಪಾಕ) ಮಾಡಿಡಿ, ಮಳೆಗಾಲದಲ್ಲಿ ಪಾಯಸಕ್ಕಾಗುತ್ತದೆ.

ಬೀಜ ಒಣಗಿಸಿಟ್ಟುಕೊಳ್ಳಿ, ಸಾರಿಗೆ ಬರುತ್ತದೆ. ಮುಂದಿನ ಸಲ ಕೊಳ್ಳುವಾಗ ಹಣ್ಣಾದದ್ದನ್ನು ಹೆಬ್ಬೆರಳಲ್ಲಿ ಒತ್ತಿ: ಘಮ ಇದ್ದೂ ಸಿಪ್ಪೆ ಅಷ್ಟಾಗಿ ತಗ್ಗದಿದ್ದರೆ ಬಹುಮಟ್ಟಿಗೆ ಬಕ್ಕೆ.