ರೊಟ್ಟಿಯ ಹರಕೆ, ಮುತ್ತಿನ ಹರಕೆ

ಧರ್ಮದಿಂದ ಸಮಾಜಕ್ಕೆ ಒಳಿತು ಹೆಚ್ಚೋ ಕೆಡುಕು ಹೆಚ್ಚೋ ಎಂದು ಕೇಳಿದ್ದೀರಿ. ಕನ್ನಡದಲ್ಲಿ ಈ ಪ್ರಶ್ನೆ ಕೇಳುವಾಗಲೇ ಒಂದು ತೊಡಕಿದೆ. ನಮ್ಮಲ್ಲಿ ಧರ್ಮವೆಂದರೆ ದಾನವೂ ಹೌದು, ನ್ಯಾಯವೂ ಹೌದು. ಹಣ ತೆಗೆದುಕೊಳ್ಳದ ಸರ್ಕಾರಿ ದವಾಖಾನೆಯನ್ನು ಹಿರಿಯರು ಧರ್ಮಾಸ್ಪತ್ರೆ ಎಂದೇ ಕರೆಯುತ್ತಿದ್ದರು. ಆ ಅರ್ಥ ಹಿಡಿದರೆ ನಿಮ್ಮ ಪ್ರಶ್ನೆಗೆ ಒಂದೇ ಉತ್ತರ ಉಳಿಯುತ್ತದೆ. ಆದ್ದರಿಂದ ದೇವರು, ಹರಕೆ, ಗುಡಿ, ಮಠ, ಜಾತ್ರೆ ಇಷ್ಟನ್ನೇ ಧರ್ಮವೆಂದು ಇಟ್ಟುಕೊಂಡು, ನಾನು ಹುಟ್ಟಿ ಬೆಳೆದ ಕೊಪ್ಪಳ ಸೀಮೆಯಲ್ಲಿ ಕಂಡು ಕೇಳಿದ್ದರ ಆಧಾರದ ಮೇಲೆ ಉತ್ತರಿಸುತ್ತೇನೆ. ಜಗತ್ತಿನ ಎಲ್ಲ ಧರ್ಮಗಳ ಲೆಕ್ಕ ಹಾಕುವ ಹುಮ್ಮಸ್ಸು ನನಗಿಲ್ಲ.

ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಬರುತ್ತದೆ. ಬರುವುದು ನೂರು, ಸಾವಿರದ ಲೆಕ್ಕದಲ್ಲಲ್ಲ, ಲಕ್ಷಗಳ ಲೆಕ್ಕದಲ್ಲಿ. ಓಣಿಯ ಹೆಂಗಸರೆಲ್ಲ ಒಂದು ಕಡೆ ಕೂತು ಹಲವು ದಿನ ರೊಟ್ಟಿ ಬಡಿದು, ಒಣಗಿಸಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮಠಕ್ಕೆ ಮುಟ್ಟಿಸುತ್ತಾರೆ. ತಮ್ಮ ಮನೆಯಲ್ಲೇ ಜೋಳ ಲೆಕ್ಕ ಮಾಡಿ ಬೀಸುವವರೂ ಅದರಲ್ಲಿ ಇರುತ್ತಾರೆ. ಪಂಕ್ತಿಯಲ್ಲಿ ಕೂತವನ ಕುಲ ಕೇಳುವವರಿಲ್ಲ. ಪಕ್ಕದ ಗದಗಿನಲ್ಲಿರುವ ವೀರೇಶ್ವರ ಪುಣ್ಯಾಶ್ರಮದ ಕಥೆಯೂ ಇಂಥದ್ದೇ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆ ಆಶ್ರಮವನ್ನು ಅವರ ಶಿಷ್ಯರಾದ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಊರಲ್ಲಿದ್ದರೆ ಕಟ್ಟೆಯ ಮೇಲೆ ಕೂತು ಭಿಕ್ಷೆ ಬೇಡಬೇಕಾಗಿದ್ದ ಎಷ್ಟೋ ಮಕ್ಕಳು ಅಲ್ಲಿ ಉಂಡು, ಹಾರ್ಮೋನಿಯಂ, ತಬಲಾ, ಗಾಯನ ಕಲಿತು, ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ ತಮ್ಮ ಅನ್ನ ತಾವು ದುಡಿದರು. ಸರ್ಕಾರಕ್ಕೆ ಈ ಮಕ್ಕಳ ನೆನಪಾಗುವ ಎಷ್ಟೋ ಮೊದಲೇ ಭಕ್ತರು ಕೊಟ್ಟ ಜೋಳವೇ ಅವರನ್ನು ಸಾಕಿತು.

ಇದನ್ನಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಹಳ್ಳಿಗಳಿಂದ, ಸ್ವಲ್ಪವೇ ದಿನಗಳ ಅಂತರದಲ್ಲಿ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಜನ ಹೋಗುತ್ತಾರೆ. ಒಂದು ಕಾಲದಲ್ಲಿ ಆ ಗುಡ್ಡದಲ್ಲಿ, ಆಮೇಲೆ ಕಾನೂನಿಗೆ ಅಂಜಿ ಊರೊಳಗಿನ ಸಣ್ಣ ಗುಡಿಗಳಲ್ಲಿ, ಎಳೆಯ ಹುಡುಗಿಯರ ಕೊರಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು. ಕಾರಣ ಕೇಳಿದರೆ ಎಲ್ಲವೂ ಹರಕೆಯೇ: ಮನೆಯಲ್ಲಿ ಯಾರಿಗೋ ಕಾಯಿಲೆ ವಾಸಿಯಾಗಲಿಲ್ಲ, ಮಗಳ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆ ಬಿತ್ತು, ಅದು ಎಲ್ಲಮ್ಮ ತಾಯಿಯೇ ಕರೆದ ಗುರುತು. ಹರಕೆಯ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ಗಂಡು ಮಕ್ಕಳಿಲ್ಲದ ಬಡ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗದೆ ತವರಲ್ಲೇ ಉಳಿದು, ಮಗನ ಸ್ಥಾನದಲ್ಲಿ ನಿಂತು ಮುಪ್ಪಿನವರನ್ನು ಸಾಕುತ್ತಿದ್ದಳು. ಅವಳ ಮೈಯ ಮೇಲೆ ಊರಿನ ಉಳ್ಳವನು ಹಕ್ಕು ಸ್ಥಾಪಿಸುತ್ತಿದ್ದ. ಅವಳ ಮಕ್ಕಳಿಗೆ ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಇವರಲ್ಲಿ ಹೆಚ್ಚುಕಡಿಮೆ ಎಲ್ಲರೂ ದಲಿತರ ಮನೆಯವರು. 1982ರಲ್ಲಿ ಕರ್ನಾಟಕ ಇದನ್ನು ನಿಷೇಧಿಸುವ ಕಾಯ್ದೆ ಮಾಡಿದ ಮೇಲೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ಮಹಿಳೆಯರನ್ನು ದೇವದಾಸಿಯರೆಂದು ಗುರುತಿಸಿದವು.

ಇಲ್ಲಿಗೆ ಬಂದಾಗ ನನ್ನ ಬಂಧುಗಳಲ್ಲಿ ಕೆಲವರು ಹೇಳುವ ಮಾತೊಂದಿದೆ: ಅದು ಧರ್ಮವಲ್ಲ, ಗೌಡಕಿಯ ದಬ್ಬಾಳಿಕೆ, ಧರ್ಮದ ಹೆಸರು ಕೆಡಿಸಿದ ಬಡತನ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮುತ್ತು ಕಟ್ಟಿದ್ದು ಬಡತನವೆನ್ನುವುದಾದರೆ ರೊಟ್ಟಿ ಬಡಿದದ್ದು ಊರಿನ ಒಗ್ಗಟ್ಟೆಂದೂ, ಪಕ್ಕದೂರಿಗಿಂತ ಹೆಚ್ಚು ಕೊಡಬೇಕೆಂಬ ಪೈಪೋಟಿಯೆಂದೂ ಹೇಳಿ ಧರ್ಮವನ್ನು ಅಲ್ಲಿಂದಲೂ ಹೊರಗಿಡಬೇಕಾಗುತ್ತದೆ. ಒಳ್ಳೆಯದಾದರೆ ಧರ್ಮದ ಖಾತೆಗೆ, ಕೆಟ್ಟದ್ದಾದರೆ ಬೇರೆಯವರ ಖಾತೆಗೆ ಎಂಬ ಬರವಣಿಗೆ ಯಾವ ಅಂಗಡಿಯ ಲೆಕ್ಕದ ಪುಸ್ತಕದಲ್ಲೂ ನಡೆಯುವುದಿಲ್ಲ. ಎರಡರ ಹಿಂದೆಯೂ ಒಂದೇ ನಂಬಿಕೆ ಕೆಲಸ ಮಾಡಿದೆ: ದೇವರಿಗೆ ಒಪ್ಪಿಸುತ್ತೇನೆಂದು ಆಡಿದ ಮಾತನ್ನು, ಎಷ್ಟೇ ಕಷ್ಟವಾದರೂ, ತಪ್ಪಬಾರದು. ಆ ನಂಬಿಕೆಯಿಲ್ಲದಿದ್ದರೆ ಬಡವಿ ತನ್ನ ಜೋಳವನ್ನು ಅಪರಿಚಿತನಿಗೆ ಕೊಡುತ್ತಿರಲಿಲ್ಲ, ತಾಯಿ ತನ್ನ ಮಗಳನ್ನೂ ಕೊಡುತ್ತಿರಲಿಲ್ಲ.

ನನಗೆ ವ್ಯತ್ಯಾಸ ಕಾಣುವುದು ಹರಕೆ ಯಾರದು, ತೀರಿಸುವವರು ಯಾರು ಎಂಬಲ್ಲಿ. ರೊಟ್ಟಿಯ ಹರಕೆ ಹೊತ್ತವಳೇ ರೊಟ್ಟಿ ಬಡಿಯುತ್ತಾಳೆ. ಮುತ್ತಿನ ಹರಕೆಯನ್ನು ಹಿರಿಯರು ಹೊರುತ್ತಾರೆ, ಎಂಟು ಹತ್ತು ವರ್ಷದ ಹುಡುಗಿ ಜೀವಮಾನವಿಡೀ ತೀರಿಸುತ್ತಾಳೆ. ಈ ಅಳತೆಗೋಲು ಎಲ್ಲ ಕಡೆ ಸರಿಹೋಗುತ್ತದೆಯೆಂದೇನೂ ಅಲ್ಲ. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನವನ್ನೇ ನೋಡಿ: ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳಿದವರು ತಾವಾಗಿಯೇ ಬಂದು ಉರುಳಿದರು, ಹರಕೆಯೂ ಅವರದೇ, ಮೈಯೂ ಅವರದೇ. 2011ರಲ್ಲಿ ಅದನ್ನು ನಿಲ್ಲಿಸಲು ಹೊರಟಾಗ ಎದುರು ನಿಂತವರಲ್ಲಿ ಅಲ್ಲಿನ ರಥ ಕಟ್ಟುವ ಮಲೆಕುಡಿಯ ಬುಡಕಟ್ಟಿನವರೂ ಇದ್ದರು. ಆದರೂ ಅದನ್ನು ರೊಟ್ಟಿಯ ಪಕ್ಕದಲ್ಲಿಡಲು ನನಗೆ ಮನಸ್ಸು ಬಾರದು, ಏಕೆಂದರೆ ಯಾರ ಎಂಜಲೆಲೆ ಪವಿತ್ರ, ಯಾರದು ಮೈಲಿಗೆ ಎಂಬುದನ್ನು ಉರುಳಿದವರು ತೀರ್ಮಾನಿಸಿರಲಿಲ್ಲ.

ಇನ್ನೊಂದು ಸಂಗತಿ ನನ್ನ ವಾದವನ್ನೇ ಅರ್ಧ ಕೆಡಿಸುತ್ತದೆ. ಹೇಳದೆ ಬಿಟ್ಟರೆ ಅಪ್ರಾಮಾಣಿಕವಾಗುತ್ತದೆ. ಎಳೆಯ ಹುಡುಗಿಯರ ಬಾಳು ಕಿತ್ತುಕೊಂಡ ಅದೇ ಎಲ್ಲಮ್ಮನ ಪರಂಪರೆ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸಿದವರಿಗೆ ಜೋಗಪ್ಪ, ಜೋಗತಿ ಎಂಬ ಹೆಸರನ್ನೂ ಊರೊಳಗೆ ಒಂದು ಜಾಗವನ್ನೂ ಕೊಟ್ಟಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು ಆ ದಾರಿಯಲ್ಲೇ ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬೇರೆ ಯಾವ ಸಂಸ್ಥೆಯೂ ಇಂಥವರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ತಲೆಯ ಮೇಲೆ ಹೊತ್ತ ಎಲ್ಲಮ್ಮನ ಕೊಡವೇ ಅವರ ಗುರುತಿನ ಚೀಟಿಯಾಗಿತ್ತು.

ಹೆಚ್ಚೋ ಕಡಿಮೆಯೋ ಹೇಳಲೇಬೇಕೆಂದು ನೀವು ಒತ್ತಾಯಿಸಿದರೆ, ನಮ್ಮ ಸೀಮೆಯ ಮಟ್ಟಿಗೆ ಐವತ್ತು ವರ್ಷದ ಹಿಂದೆ ಕೆಡುಕೇ ಹೆಚ್ಚಿತ್ತು, ಇಂದು ಒಳಿತು ಹೆಚ್ಚಿದೆ ಎನ್ನುತ್ತೇನೆ. ಹಿಂದಿನ ಒಳಿತು ಸಾವಿರಾರು ಜನರಿಗೆ ಒಂದು ಹೊತ್ತಿನ ಊಟವಾಗಿ ಹಂಚಿಹೋಗಿತ್ತು. ಕೆಡುಕಾದರೋ ಕೆಲವೇ ಕೇರಿಗಳ ಹೆಣ್ಣುಮಕ್ಕಳ ಇಡೀ ಆಯುಷ್ಯದ ಮೇಲೆ ಬಿದ್ದಿತ್ತು. ಈ ಎರಡನ್ನು ತಲೆ ಎಣಿಸಿ ತೂಗಲಾಗದು. ಆಮೇಲೆ ಬದಲಾದದ್ದು ದೇವರಲ್ಲ. ಕಾಯ್ದೆ ಬಂತು, ಹುಡುಗಿಯರು ಶಾಲೆಗೆ ಹೋದರು, ಜಡೆ ಬಿದ್ದ ತಲೆಯನ್ನು ತೊಳೆದು ಕತ್ತರಿಸಿ ಏನೂ ಆಗುವುದಿಲ್ಲವೆಂದು ತೋರಿಸುವ ಕಾರ್ಯಕರ್ತರು ಊರೂರಿಗೆ ಬಂದರು. ಎಲ್ಲಕ್ಕಿಂತ ಮುಖ್ಯವಾಗಿ, ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ ಸಂಘ ಕಟ್ಟಿ, ನಮ್ಮ ಮಕ್ಕಳಿಗೆ ಇದು ಬೇಡವೆಂದರು. ಅವರಲ್ಲಿ ಬಹಳಷ್ಟು ಮಂದಿ ಇಂದಿಗೂ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಎಲ್ಲಮ್ಮನ ನೈವೇದ್ಯದ ಬುಟ್ಟಿಯಾದ ಹಡ್ಡಲಗಿ ತುಂಬಿಸಿ ಬರುತ್ತಾರೆ.